ಲೇಸರ್ ಕೋಣೆಯಲ್ಲಿ ಬೆಂಡೋಲೆ

ಕಂಪಲಾಪುರದ ಸರ್ವಮಂಗಳಮ್ಮ ಎದುರಾದಾಗಲೆಲ್ಲ ಸುಕನ್ಯಳ ಕಣ್ಣು ಮೊದಲು ಹೋಗುವುದು ಆಕೆಯ ಕಿವಿಗೆ. ಅಲ್ಲಿರುವ ಬೆಂಡೋಲೆ ಸುಕನ್ಯಳ ತಾಯಿಯದು. ನಡುವೆ ಒಂದು ಕೆಂಪು ಹರಳು, ಸುತ್ತ ಬಿಳಿ ಹರಳು, ಹಳೆಯ ಕಾಲದ ಕುಸುರಿ. ತಾಯಿ ಜ್ವರ ಬಂದು ತೀರಿಕೊಂಡಾಗ ಸುಕನ್ಯ ಇನ್ನೂ ಸ್ಲೇಟು ಹಿಡಿಯುವ ಹುಡುಗಿ. ಹೆಣಕ್ಕೆ ನೀರು ಹಾಕುವ ಮೊದಲು ದೊಡ್ಡಮ್ಮ ಸರ್ವಮಂಗಳ ಎರಡೂ ಕಿವಿಯಿಂದ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದು ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. "ಮಗ ದೊಡ್ಡೋಳಾಗ್ಲಿ, ಕೊಡ್ತೀನಿ" ಅಂದಿದ್ದಳು. ಮಗ ಆಕೆಯ ಮನೆಯಲ್ಲೇ ದೊಡ್ಡವಳಾದಳು, ನರ್ಸಿಂಗ್ ಓದಿದಳು, ಹುಣಸೂರಿನ ಚರ್ಮದ ಕ್ಲಿನಿಕ್ಕಿನಲ್ಲಿ ಕೆಲಸಕ್ಕೂ ಸೇರಿದಳು. ಓಲೆ ಮಾತ್ರ ದೊಡ್ಡಮ್ಮನ ಕಿವಿಯಲ್ಲೇ ಉಳಿಯಿತು.

ಒಮ್ಮೆ ಕೇಳಿದ್ದಳು. ಯಾರದೋ ಗೃಹಪ್ರವೇಶ, ನೆಂಟರೆಲ್ಲ ಊಟ ಮುಗಿಸಿ ಎಲೆಯಡಿಕೆಗೆ ಕೂತಿದ್ದ ಹೊತ್ತು. ಸರ್ವಮಂಗಳಮ್ಮ ಸಿಟ್ಟಾಗಲಿಲ್ಲ. ಅಡಿಕೆ ಜಗಿಯುತ್ತಲೇ ಹೇಳಿದಳು: "ನಮ್ಮತ್ತೆ ನಂಗೆ ಮದ್ವೇಲಿ ಆಕಿದ್ದು ಕಣೆ ಇದು. ನಿಮ್ಮವ್ವನ್ದು ಅನ್ನಕ್ಕೆ ಏನವ್ವ ಗುರುತು?" ಹೇಳಿ, ಒಂದು ಸಲ ನೋಡಿದಳು. ಆ ನೋಟ ಸುಕನ್ಯಳಿಗೆ ಚಿಕ್ಕಂದಿನಿಂದ ಗೊತ್ತು. ಹಾಲು ಚೆಲ್ಲಿದಾಗ, ಮಾರ್ಕು ಕಡಿಮೆ ಬಂದಾಗ, ತಾಯಿಯನ್ನು ನೆನೆದು ಅತ್ತಾಗ ಬರುತ್ತಿದ್ದ ನೋಟ. ಮೂವತ್ತು ದಾಟಿದ ಹೆಂಗಸು, ದಿನಾ ಜನರ ಮುಖಕ್ಕೆ ಸೂಜಿ ಚುಚ್ಚುವವಳು, ಅಂದು ತಲೆ ತಗ್ಗಿಸಿ ಎಲೆಯಡಿಕೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದಳು. ಮತ್ತೆ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಕೇಳಲು ಧೈರ್ಯವಿಲ್ಲದವರಿಗೆ ಕದಿಯಲು ಧೈರ್ಯ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. ಸುಕನ್ಯಳಿಗೂ ಅದು ಬರುತ್ತಿರಲಿಲ್ಲವೇನೋ. ಆದರೆ ಸರ್ವಮಂಗಳಮ್ಮನೇ ಕಾಲಾರೆ ನಡೆದು ಕ್ಲಿನಿಕ್ಕಿಗೆ ಬಂದಳು.

ಬಂದದ್ದಕ್ಕೆ ಕಾರಣ ಒಂದು ಫ್ಲೆಕ್ಸು. ಆಕೆ ಪಂಚಾಯ್ತಿ ಅಧ್ಯಕ್ಷೆಯಾದಾಗ ಬೆಂಬಲಿಗರು ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸು ಕಟ್ಟಿಸಿದ್ದರು. ಅಂಗಡಿಯವನು ಕಂಪ್ಯೂಟರಿನಲ್ಲಿ ಕೈಯಾಡಿಸಿ ಆಕೆಯ ಮುಖವನ್ನು ಇಸ್ತ್ರಿ ಮಾಡಿಟ್ಟಿದ್ದ. ಬಿಸಿಲು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಾವು, ವಯಸ್ಸು ಎಲ್ಲ ಸೇರಿ ಗೀಚಿದ್ದ ಗೆರೆಗಳಲ್ಲಿ ಒಂದೂ ಉಳಿದಿರಲಿಲ್ಲ. ಶಾಲಾ ಕಟ್ಟಡದ ಉದ್ಘಾಟನೆಗೆ ಹೋದಾಗ ಹೊಸ ಮೇಷ್ಟ್ರೊಬ್ಬರು ಆಕೆಯನ್ನೇ ತಡೆದು, "ಅಧ್ಯಕ್ಷರು ಇನ್ನೂ ಬಂದಿಲ್ಲಮ್ಮ, ಆ ಕಡೆ ಕೂತ್ಕೊಳ್ಳಿ" ಅಂದರು. ಅವತ್ತಿನಿಂದ ಸರ್ವಮಂಗಳಮ್ಮನಿಗೆ ನಿದ್ದೆ ಹತ್ತಲಿಲ್ಲ.

"ಆ ಫ್ಲೆಕ್ಸ್‌ನಾಗೆ ಅದೆಯಲ್ಲ, ಆ ಮಖ ಬೇಕು ಕಣವ್ವ ನಂಗೆ" ಎಂದು ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಹೇಳಿದಳು. ಹೇಳುವಾಗ ಕಿವಿಯ ಓಲೆ ಅಲುಗಿತು.

ಡಾಕ್ಟರ್ ಉಮ್ಮೆ ಹಾನಿ ಪಟ್ಟಣದ ಹಳೆಯ ವ್ಯಾಪಾರಿ ಕುಟುಂಬದ ಹೆಣ್ಣುಮಗಳು. ಮೈಸೂರಿನಲ್ಲಿ ಇದ್ದುಕೊಂಡು ವಾರದ ಕೆಲವು ದಿನ ಇಲ್ಲಿಗೆ ಬರುತ್ತಾರೆ. ಅವರು ತಾಳ್ಮೆಯಿಂದ ವಿವರಿಸಿದರು. ಸುಕ್ಕಿಗೆ ಎರಡು ದಾರಿ. ಒಂದು ಲೈಟು: ತಣ್ಣನೆಯ ಜೆಲ್ ಹಚ್ಚಿ, ಬೆಳಕನ್ನು ಮಿಂಚಿನ ಹಾಗೆ ಹಾಯಿಸುವುದು. ಮರಗಟ್ಟಿಸುವ ಅಗತ್ಯವಿಲ್ಲ, ಬೇಗ ಮುಗಿಯುತ್ತದೆ, ಅದೇ ದಿನ ಮನೆಗೆಲಸ ಮಾಡಬಹುದು. ಆದರೆ ಹಲವು ತಿಂಗಳು ಬರಬೇಕು. ಕಲೆ ತಿಳಿಯಾಗುತ್ತದೆ, ಸಣ್ಣ ಗೆರೆ ಸ್ವಲ್ಪ ಮಾಸುತ್ತದೆ, ಆಳದ ಸುಕ್ಕಿಗೆ ಅಷ್ಟಕ್ಕಷ್ಟೇ. ಇನ್ನೊಂದು ಲೇಸರು: ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಸುಟ್ಟು, ಹೊಸ ಚರ್ಮ ಬೆಳೆಯುವ ಹಾಗೆ ಮಾಡುವುದು. ಆಳದ ಸುಕ್ಕಿಗೂ ತಾಗುತ್ತದೆ. ಮುಖ ಒಂದು ವಾರ ಕೆಂಪಾಗಿ ಊದಿ ಸಿಪ್ಪೆ ಬಿಡುತ್ತದೆ. "ನಿಮ್ಮಂಥ ಬಿಸಿಲು ಕಂಡ ಕಂದು ಚರ್ಮ ಲೇಸರ್ ಆದಮೇಲೆ ಕೆಲವು ಸಲ ಕಪ್ಪಾಗುತ್ತದೆ ಅಮ್ಮ. ಲೈಟಿನಲ್ಲೂ ಎಚ್ಚರ ಬೇಕು, ಆದರೆ ಕಡಿಮೆ ಶಕ್ತಿಯಲ್ಲಿ ನಿಧಾನಕ್ಕೆ ಮಾಡಬಹುದು. ನನ್ನ ಸಲಹೆ ಲೈಟು" ಎಂದರು ಡಾಕ್ಟರು.

ಸುಕನ್ಯ ಪಕ್ಕದಲ್ಲಿ ಹತ್ತಿ ಮಡಚುತ್ತ ಇದನ್ನೆಲ್ಲ ನೂರು ಸಲ ಕೇಳಿದ್ದಳು. ಅವತ್ತು ಮಾತ್ರ ಬೇರೆ ಕಿವಿಯಲ್ಲಿ ಕೇಳಿಸಿಕೊಂಡಳು. ಲೈಟಾದರೆ ಓಲೆ ಬಿಚ್ಚಿಸುವುದಿಲ್ಲ, ಕಿವಿಯ ಮೇಲೆ ಬಟ್ಟೆ ಮುಚ್ಚಿದರೆ ಸಾಕು. ಲೇಸರಾದರೆ ಮುಖದ ಸುತ್ತ ಒಂದು ಚೂರು ಲೋಹವೂ ಇರಬಾರದು, ಬೆಳಕು ಅದಕ್ಕೆ ಬಡಿದು ಚಿಮ್ಮುತ್ತದೆ. ಲೈಟಾದರೆ ಡಾಕ್ಟರು ಮೊದಲಿಂದ ಕೊನೆಯವರೆಗೂ ಕೋಣೆಯಲ್ಲೇ ಇರುತ್ತಾರೆ. ಲೇಸರಿಗೆ ಮೊದಲು ಮರಗಟ್ಟಿಸುವ ಕ್ರೀಮು ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕಣ್ಣಿಗೆ ಪಟ್ಟಿ ಅಂಟಿಸಿ, ಸುಮಾರು ಒಂದು ಗಂಟೆ ಮಲಗಿಸಬೇಕು. ಆ ಗಂಟೆ ಪೂರ್ತಿ ಪೇಷಂಟು ಮತ್ತು ಸುಕನ್ಯ ಇಬ್ಬರೇ. ಬೇಕು ಅಂದರೂ ಸಿಗದಂಥ ಗಂಟೆ ಅದು.

ಯೋಚನೆ ಬಂದದ್ದೇ ತಡ, ಅವಳಿಗೆ ಭಯ ಹಿಡಿಯಿತು. ಕ್ಲಿನಿಕ್ಕಿನ ಎದುರು ಚಹದಂಗಡಿಯಲ್ಲಿ ಪೊಲೀಸರು ನಿಂತಿದ್ದರೆ ಕಿಟಕಿಯ ಪರದೆ ಎಳೆಯತೊಡಗಿದಳು. ಭಯವಿದ್ದರೂ ಕೆಲಸ ನಿಲ್ಲಲಿಲ್ಲ. ಹೆದರುವವರು ಜಾಗ್ರತೆಯಿಂದ ಕದಿಯುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದನ್ನು ಕದಿಯುವುದು ಎನ್ನಬಾರದು, ತನ್ನದನ್ನು ತಾನು ತೆಗೆದುಕೊಳ್ಳುವುದು ಎನ್ನಬೇಕು ಎಂದು ಇನ್ನೊಂದು ಸಲ ಹೇಳಿಕೊಂಡಳು.

ಮೊದಲ ಕೆಲಸ, ದೊಡ್ಡಮ್ಮನನ್ನು ಲೇಸರಿಗೆ ತಿರುಗಿಸುವುದು. ಅದು ಕಷ್ಟವಾಗಲಿಲ್ಲ. ಡಾಕ್ಟರು ಇಲ್ಲದ ದಿನ ಫೋನ್ ಮಾಡಿ, "ಲೈಟು ಕಲೆಗಿಲೆ ಹೋಗಕ್ಕೆ ಸರಿ ದೊಡ್ಡಮ್ಮ. ಫ್ಲೆಕ್ಸ್ ಮಖ ಬೇಕು ಅಂದ್ರೆ ಲೇಸರ್ರೇ ಆಗ್ಬೇಕು" ಅಂದಳು.

"ಡಾಕ್ಟ್ರಮ್ಮ ಕಪ್ಪಾಯ್ತದೆ ಅಂದ್ರಲ್ಲೇ?"

"ಡಾಕ್ಟ್ರು ಎಲ್ರಿಗೂ ಅಂಗೇ ಏಳದು. ಅವ್ರ ಜವಾಬ್ದಾರಿ ಅಲ್ವಾ."

ಕಪ್ಪಾಗಬಹುದು ಎಂದು ಅವಳಿಗೆ ಗೊತ್ತಿತ್ತು. ಹಾಗೆ ಆದವರ ಕೆನ್ನೆಗೆ ತಿಂಗಳುಗಟ್ಟಲೆ ಮುಲಾಮು ಬರೆದುಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದಳು. ಆ ವಿಚಾರವನ್ನು ಅವಳು ಬೇಗ ಮನಸ್ಸಿನಿಂದ ದೂಡಿದಳು.

ಎರಡನೆಯದು, ನಕಲಿ ಓಲೆ. ಇದಕ್ಕೆ ಸಹಾಯ ಮಾಡಿದ್ದೂ ಆ ಫ್ಲೆಕ್ಸೇ. ಮುಖವನ್ನು ನುಣ್ಣಗೆ ಮಾಡಿದ ಅಂಗಡಿಯವನು ಓಲೆಯನ್ನು ಮುಟ್ಟಿರಲಿಲ್ಲ. ತಟ್ಟೆಯಗಲದ ಬೆಂಡೋಲೆ, ಒಂದೊಂದು ಹರಳೂ ಎಣಿಸುವ ಹಾಗೆ, ಕಂಪಲಾಪುರದ ಸರ್ಕಲ್ಲಿನಲ್ಲಿ ನೇತಾಡುತ್ತಿತ್ತು. ಬಸ್ಸಿಗೆ ಕಾಯುವವಳ ಹಾಗೆ ನಿಂತು ಸುಕನ್ಯ ಫೋಟೋ ತೆಗೆದುಕೊಂಡಳು. ಕೆ.ಆರ್. ನಗರದಲ್ಲಿ ಪೌರಾಣಿಕ ನಾಟಕದವರಿಗೆ ಕಿರೀಟ, ಭುಜಕೀರ್ತಿ ಮಾಡಿಕೊಡುವ ವಕಾರ್ ಎಂಬಾತನಿದ್ದಾನೆ. ಅವನಿಗೆ ಫೋಟೋ ತೋರಿಸಿ, "ನಮ್ಮೂರ ನಾಟಕಕ್ಕೆ, ದ್ರೌಪದಿ ಪಾತ್ರಕ್ಕೆ" ಅಂದಳು. "ದ್ರೌಪದಿಗೆ ಇಷ್ಟು ಸಣ್ಣದು ಸ್ಟೇಜ್ ಮೇಲೆ ಕಾಣಲ್ಲ ಮೇಡಂ, ದೊಡ್ಡದು ಮಾಡ್ಕೊಡ್ತೀನಿ" ಎಂದು ಅವನು ಹಟ ಹಿಡಿದ. ಬೇಡವೆಂದು ಒಪ್ಪಿಸುವಷ್ಟರಲ್ಲಿ ಅವಳ ರವಿಕೆ ಬೆವರಿನಿಂದ ಒದ್ದೆಯಾಗಿತ್ತು.

ವಕಾರ್ ಕೆಲಸಗಾರ. ಓಲೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅದೇ ತೊಂದರೆಯಾಯಿತು, ಹೊಸದರ ಹಾಗೆ ಹೊಳೆಯುತ್ತಿತ್ತು. ಸುಕನ್ಯ ಅದಕ್ಕೆ ಹರಳೆಣ್ಣೆ, ಅರಿಶಿನ, ಸೀಗೆಪುಡಿ ಮೆತ್ತಿ, ಬಿಸಿಲಿಗಿಟ್ಟು, ಒರೆಸಿ, ಮತ್ತೆ ಮೆತ್ತಿದಳು. ಹರಳಿನ ಸಂದುಗಳಲ್ಲಿ ವರ್ಷಾನುಗಟ್ಟಲೆಯ ಸ್ನಾನದ ಕೊಳೆ ಕೂತ ಹಾಗೆ ಕಾಣುವವರೆಗೂ ಬಿಡಲಿಲ್ಲ. ಮೂರನೆಯ ಏರ್ಪಾಡು ಎಲ್ಲಕ್ಕಿಂತ ಜಾಣತನದ್ದು. ಲೇಸರ್ ಆದ ಮೇಲೆ ಒಂದು ವಾರ ಓಲೆ ಹಾಕಬೇಡಿ, ಊತ ಇರುತ್ತದೆ ಎಂದು ಹೇಳಿಬಿಟ್ಟರೆ ದೊಡ್ಡಮ್ಮ ನಕಲಿಯನ್ನು ಕ್ಲಿನಿಕ್ಕಿನಲ್ಲಿ ಹಾಕಿಕೊಟ್ಟ ಲಕೋಟೆಯಲ್ಲೇ ಬೀರುವಿಗೆ ಸೇರಿಸುತ್ತಾಳೆ. ವಾರ ಕಳೆದು ಹಾಕಿಕೊಳ್ಳುವಾಗ ಆಕೆ ಕನ್ನಡಿಯಲ್ಲಿ ನೋಡುವುದು ಹೊಸ ಮುಖವನ್ನೇ ಹೊರತು ಹಳೆಯ ಓಲೆಯನ್ನಲ್ಲ. ಮುಂದೆ ಎಂದಾದರೂ ಅನುಮಾನ ಬಂದರೂ ಕ್ಲಿನಿಕ್ಕಿನ ಒಂದು ಗಂಟೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಲೇಸರಿನ ದಿನ ಬೆಳಿಗ್ಗೆ ಅವಳು ನಕಲಿ ಓಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕ್ಲಿನಿಕ್ಕಿಗೆ ಬಂದಳು. ದೊಡ್ಡಪ್ಪ ರುದ್ರಸ್ವಾಮಿ ಕಾರಿನಲ್ಲಿ ಹೆಂಡತಿಯನ್ನು ಇಳಿಸಿ, ತಾವು ಹೊರಗೇ ಪೇಪರ್ ಹಿಡಿದು ಕೂತರು. ಡಾಕ್ಟರು ಕೊನೆಯ ಸಲ ಕೇಳಿದರು: "ಲೈಟೇ ಮಾಡೋಣ ಅನ್ನಿಸ್ತಾ ಇದೆ ನನಗೆ. ಲೇಸರ್ ಬೇಕು ಅಂತ ನಿಮಗೆ ಯಾರು ಹೇಳಿದ್ದು?"

ಸುಕನ್ಯ ಟ್ರೇಯಲ್ಲಿದ್ದ ಹತ್ತಿಯನ್ನು ಮತ್ತೆ ಮಡಚತೊಡಗಿದಳು.

"ಯಾರೂ ಏಳ್ನಿಲ್ಲ ಬುಡಿ. ನಾನೇ ಇಚಾರ ಮಾಡ್ದೆ" ಅಂದಳು ಸರ್ವಮಂಗಳಮ್ಮ. ಬೇರೆಯವರ ಮಾತು ಕೇಳಿದೆ ಎಂದು ಒಪ್ಪಿಕೊಳ್ಳುವ ಹೆಂಗಸಲ್ಲ ಆಕೆ. ಡಾಕ್ಟರು ಕಡಿಮೆ ಶಕ್ತಿ ಇಡುತ್ತೇನೆ ಎಂದು ಹೇಳಿ, ಮಲಗಿದ್ದವಳ ಕೆನ್ನೆಯನ್ನು ಬೆರಳಿನಿಂದ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಓಲೆ ತುಂಬ ಚೆನ್ನಾಗಿದೆ ಅಮ್ಮ. ಈಗ ಇಂಥ ಕೆಲಸ ಮಾಡುವವರಿಲ್ಲ" ಎಂದು ಪಕ್ಕದ ಕೋಣೆಗೆ ಹೋದರು. ಡಾಕ್ಟರ ಕಣ್ಣು ಓಲೆಯ ಮೇಲೆ ಬಿತ್ತಲ್ಲ ಎಂದು ಸುಕನ್ಯ ಜೇಬಿನ ಮೇಲೆ ಕೈಯಿಟ್ಟುಕೊಂಡಳು. ಈಗಲೂ ಬಿಟ್ಟುಬಿಡಬಹುದಿತ್ತು. ನಕಲಿಯನ್ನು ಜೇಬಿನಲ್ಲೇ ಮನೆಗೆ ಒಯ್ದು ಒಲೆಗೆ ಹಾಕಬಹುದಿತ್ತು.

ಬಿಡಲಿಲ್ಲ. ಕೈಗವಸು ಹಾಕಿಕೊಂಡು ಕ್ರೀಮು ಬಳಿದಳು. ಹಣೆ, ಕಣ್ಣಿನ ಕೊನೆ, ಕೆನ್ನೆ, ಬಾಯಿಯ ಸುತ್ತ. ಇಷ್ಟು ವರ್ಷದಲ್ಲಿ ದೊಡ್ಡಮ್ಮನ ಮುಖವನ್ನು ಅವಳು ಮುಟ್ಟಿದ್ದು ಇದೇ ಮೊದಲು. ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಣ್ಣಿಗೆ ಪಟ್ಟಿ ಅಂಟಿಸಿದಳು. ಆ ನೋಟ ಪಟ್ಟಿಯ ಹಿಂದೆ ಮರೆಯಾಯಿತು. ಆದರೂ ಅದು ಪಟ್ಟಿಯನ್ನು ತೂರಿ ತನ್ನನ್ನೇ ನೋಡುತ್ತಿದೆ ಅನ್ನಿಸಿ ಅವಳು ತುಸು ಪಕ್ಕಕ್ಕೆ ಸರಿದಳು.

"ಓಲೆ ಬಿಚ್ತೀನಿ ದೊಡ್ಡಮ್ಮ."

"ನಾನೇ ಬಿಚ್ತೀನಿ ತಡಿ." ಕೈ ಮೇಲೆದ್ದು ಬಂತು.

"ಬ್ಯಾಡಿ, ಕ್ರೀಮ್ ಕೈಗೆ ಮೆತ್ಕೊಳ್ತದೆ. ಕೈ ಮರಗಟ್ಟುತ್ತೆ ಆಮೇಲೆ."

ಎದ್ದ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತು, ಮತ್ತೆ ಹೊಟ್ಟೆಯ ಮೇಲೆ ಇಳಿಯಿತು. "ಜ್ವಾಕೆ" ಎಂದು ಪ್ಲಾಸ್ಟಿಕ್ಕಿನ ಒಳಗಿನಿಂದ ದನಿ ಬಂತು. ಸುಕನ್ಯ ಒಂದೊಂದೇ ಕಿವಿಯ ಹಿಂದಿನ ತಿರುಪು ಬಿಚ್ಚಿದಳು. ಓಲೆ, ತಿರುಪು ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಇಳಿಸಿ, ನಕಲಿಯನ್ನು ಸ್ಟೀಲ್ ಬಟ್ಟಲಿಗೆ ಹಾಕಿದಳು. ಬೇಕೆಂದೇ ಟಣ್ ಎಂದು ಸದ್ದು ಮಾಡಿದಳು, ದೊಡ್ಡಮ್ಮನಿಗೆ ಕೇಳಲಿ ಎಂದು. ಎಲ್ಲ ಮುಗಿಯಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಉಳಿದ ಸಮಯವನ್ನೆಲ್ಲ ಅವಳು ಸ್ಟೂಲಿನ ಮೇಲೆ ಕೂತು ಬಾಗಿಲನ್ನೇ ನೋಡುವುದರಲ್ಲಿ ಕಳೆದಳು.

ಆಮೇಲೆ ಡಾಕ್ಟರು ಬಂದರು, ಇಬ್ಬರೂ ಕನ್ನಡಕ ಹಾಕಿಕೊಂಡರು, ಯಂತ್ರ ಚಿಟಿಚಿಟಿ ಎಂದಿತು, ಸುಟ್ಟ ಕೂದಲಿನಂಥ ವಾಸನೆ ಎದ್ದಿತು. ಎಲ್ಲ ಆದ ಮೇಲೆ, ಸುಕನ್ಯ ಮುಲಾಮಿನ ಡಬ್ಬ ತರಲು ತಿರುಗಿದ ಹೊತ್ತಿಗೆ, ಡಾಕ್ಟರು ತಾವೇ ಓಲೆಯ ಬಟ್ಟಲು ಕೈಗೆತ್ತಿಕೊಂಡಿದ್ದರು. ಒಂದನ್ನು ಹಿಡಿದು ಕಿಟಕಿಯ ಬೆಳಕಿಗೆ ನೋಡಿದರು.

"ತೊಳೆದಿದ್ದೀರಾ ಸುಕನ್ಯ? ಮೊದಲಿಗಿಂತ ಹೊಳೀತಾ ಇದೆ."

"ಸ್ಪಿರಿಟ್‌ನಲ್ಲಿ ಒರೆಸಿದೆ ಮೇಡಂ, ಕ್ರೀಮ್ ತಾಗಿತ್ತು." ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

"ಒಳ್ಳೇದು ಮಾಡಿದ್ರಿ" ಎಂದು ಅವರು ಓಲೆಯನ್ನು ಲಕೋಟೆಗೆ ಹಾಕಿ ಸರ್ವಮಂಗಳಮ್ಮನ ಕೈಗಿತ್ತರು. "ಒಂದು ವಾರ ಹಾಕಬೇಡಿ ಅಮ್ಮ" ಎಂದೂ ಅವರೇ ಹೇಳಿದರು. ಸುಕನ್ಯ ಹೇಳಬೇಕಾಗಿದ್ದ ಮಾತನ್ನೂ ಡಾಕ್ಟರ ಬಾಯಿಯೇ ಆಡಿಬಿಟ್ಟಿತ್ತು. ಕೆಂಪಗೆ ಊದಿಕೊಂಡ, ಮುಲಾಮಿನಿಂದ ಹೊಳೆಯುವ ಮುಖ ಹೊತ್ತು ದೊಡ್ಡಮ್ಮ ಕಾರು ಹತ್ತಿದಳು. ಸ್ವಲ್ಪ ಹೊತ್ತಿಗೆ ಡಾಕ್ಟರೂ ಮೈಸೂರಿಗೆ ಹೊರಟರು.

ಕ್ಲಿನಿಕ್ಕಿನಲ್ಲಿ ಈಗ ಸುಕನ್ಯ ಒಬ್ಬಳೇ. ಹೊರಗೆ ಮಧ್ಯಾಹ್ನದ ಬಿಸಿಲು, ಬಸ್ಸುಗಳ ಹಾರನ್ನು. ಬೆಳಗಿನಿಂದ ಹಿಡಿದಿದ್ದ ಭಯ ಮೆಲ್ಲಗೆ ಇಳಿಯತೊಡಗಿ, ಅದರ ಜಾಗಕ್ಕೆ ಅಳು ಬಂತು. ಹತ್ತಿ ಬಿಡಿಸಿ ಓಲೆಯನ್ನು ಅಂಗೈಯಲ್ಲಿಟ್ಟು ನೋಡಿದಳು. ತಾಯಿಯ ಮುಖ ಅವಳಿಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು, ಎದೆಗೆ ಒರಗಿ ಮಲಗಿದಾಗ ಕಣ್ಣಿನ ಪಕ್ಕದಲ್ಲೇ ಅಲುಗುತ್ತಿದ್ದ ಈ ಕೆಂಪು ಹರಳು. ನಂಜನಗೂಡಿನ ಸ್ನೇಹಿತೆಯ ಮನೆಯಲ್ಲಿ ಬಚ್ಚಿಡುವುದೆಂದು ತೀರ್ಮಾನವಾಗಿತ್ತು. ಹಾಕಿಕೊಳ್ಳುವುದು ಅವಳ ಲೆಕ್ಕದಲ್ಲೇ ಇರಲಿಲ್ಲ. ಒಂದೇ ಒಂದು ಸಲ ಅಂದುಕೊಂಡಳು. ಒಂದು ಸಲ ಕನ್ನಡಿಯಲ್ಲಿ ನೋಡಿ ತೆಗೆದುಬಿಡುತ್ತೇನೆ.

ಲೇಸರ್ ಕೋಣೆಯ ಕನ್ನಡಿಯ ಮುಂದೆ ನಿಂತು ಓಲೆ ಏರಿಸಿದಳು. ತಿರುಪು ಒಂದು ಸುತ್ತು ಹೋಗಿ ಬಿಗಿಯಾಯಿತು. ಹಳೆಯದಲ್ಲವೇ, ಹಾಗೇ ಇರುತ್ತದೆ ಎಂದುಕೊಂಡು ಬೆರಳು ಜಾರದ ಹಾಗೆ ಕೈಗವಸು ಹಾಕಿಕೊಂಡು ಬಲವಾಗಿ ತಿರುಗಿಸಿದಳು. ಇನ್ನೊಂದೂ ಅಷ್ಟೇ. ತಲೆ ಎತ್ತಿದಾಗ ಕನ್ನಡಿಯಲ್ಲಿ ಯಾರೋ ಗುರುತಿನ ಹೆಂಗಸು ಅವಳನ್ನು ನೋಡುತ್ತಿದ್ದಳು. ಸುಕನ್ಯ ಸದ್ದಿಲ್ಲದೆ ಅತ್ತಳು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಸಂತೋಷವಾಗಿತ್ತು.

ಆಮೇಲೆ ತೆಗೆಯಲು ಕೈ ಹಾಕಿದಳು. ತಿರುಪು ಅಲುಗಲಿಲ್ಲ. ಆ ಕಡೆಯದೂ ಅಲುಗಲಿಲ್ಲ. ಸೋಪು ನೊರೆ ಹಚ್ಚಿದಳು, ಮುಲಾಮು ಸವರಿದಳು, ಚಿಮಟದಿಂದ ಹಿಡಿದು ತಿರುಗಿಸಿದಳು. ಕಿವಿ ಕೆಂಪಾಗಿ ಊದಿತು, ರಕ್ತ ಜಿನುಗಿತು, ತಿರುಪು ಹಾಗೇ ಇತ್ತು. ಬೆಳಗಿನ ಭಯ ಅಡಿಯಿಂದ ಮುಡಿಗೆ ಮತ್ತೆ ಏರಿ ಬಂತು. ಆಗಲೇ ಮುಂದಿನ ಬಾಗಿಲು ಕಿರ್ ಅಂದದ್ದು. "ಸುಕನ್ಯ, ಇದೀಯೇನವ್ವ? ಬರೀ ಕಿವೀಲಿ ಹೊಸಿಲು ತುಳಿಯಕ್ಕಾಯ್ತದಾ, ಮುತ್ತೈದೆ ನಾನು. ಊತ ಆದ್ರೆ ಆಗ್ಲಿ, ಓಲೆ ಆಕ್ಕೊಟ್ಬುಡು. ಬೈಪಾಸ್ ತಾವಿಂದ ವಾಪಸ್ ತಿರುಗಿಸ್ಕಂಡ್ ಬಂದೋ" ಎನ್ನುತ್ತಲೇ ಚಪ್ಪಲಿ ಸದ್ದು ಕೋಣೆಯ ಬಾಗಿಲಿಗೆ ಬಂತು. ಕಿವಿಯವರೆಗೂ ಮುಚ್ಚುವ ಕ್ಲಿನಿಕ್ಕಿನ ಟೋಪಿ ಆಚೆ ಮೇಜಿನ ಮೇಲಿತ್ತು. ಅದರತ್ತ ಎರಡು ಹೆಜ್ಜೆ ಇಡುವಷ್ಟರಲ್ಲಿ ಕೈಯಲ್ಲಿ ಲಕೋಟೆ ಹಿಡಿದ ಸರ್ವಮಂಗಳಮ್ಮ ಎದುರಿಗೆ ನಿಂತಿದ್ದಳು.

ಊದಿದ ಮುಖದೊಳಗಿನ ಸಣ್ಣ ಕಣ್ಣುಗಳು ಸುಕನ್ಯಳ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋದವು. ಆಕೆ ಕೂಗಾಡಲಿಲ್ಲ. ಲಕೋಟೆಯೊಳಗೆ ಒಮ್ಮೆ ಇಣುಕಿ ನೋಡಿ ಮುಚ್ಚಿದಳು. ಹತ್ತಿರ ಬಂದು, ಹಾಲು ಚೆಲ್ಲಿದ ಹುಡುಗಿಯ ಕಿವಿ ಹಿಡಿಯುವ ಹಾಗೆ ಹಿಡಿದು, ಹಿಂದುಗಡೆ ಬೆರಳಾಡಿಸಿದಳು. "ಎಡದ ತಿರುಪ ಬಲಕ್ಕೆ ಆಕ್ಬುಟ್ಟಿದ್ದೀಯ. ಅಕ್ಕಸಾಲಿ ಕೈಯಾಗೆ ಕೊರ್ದಿರೋದು ಕಣೆ ಇದು, ಒಂದ್ರುದ್ದು ಇನ್ನೊಂದಕ್ಕೆ ಇಡಿಯಾಕಿಲ್ಲ. ಬಲವಂತ ಮಾಡುದ್ರೆ ಕಚ್ಕೊಂಡ್‌ಬುಡ್ತದೆ, ಆಮೇಲೆ ಕತ್ತರಿಸ್ದೆ ಬರಾಕಿಲ್ಲ. ನಿಮ್ಮವ್ವನೂ ಮದ್ವೆ ಆದ್ ಹೊಸ್ದರಲ್ಲಿ ಇಂಗೇ ಆಕ್ಕಂಡು ಅತ್ತಿದ್ಲು, ತಿರುಪ ಕತ್ತರಿಸಿ ಹೊಸದು ಮಾಡಿಸ್ಬೇಕಾಯ್ತು. ಮಗಳ್ಗೆ ಏಳ್ಕೊಡೋವರ್ಗೂ ಬದುಕ್ನಿಲ್ಲ ನೋಡು" ಅಂದಳು. ಓಲೆ ತಾಯಿಯದೇ ಎಂಬ ಈ ಮಾತನ್ನೇ ಗೃಹಪ್ರವೇಶದ ದಿನ ನೆಂಟರ ಎದುರು ಸುಕನ್ಯ ಕೇಳಿಸಿಕೊಳ್ಳಬಯಸಿದ್ದು. ಈಗ ಅದು ದೊಡ್ಡಮ್ಮನ ಬಾಯಿಂದಲೇ ಬಂದಿತ್ತು, ಕೇಳಿಸಿಕೊಳ್ಳಲು ಅವಳನ್ನು ಬಿಟ್ಟು ಕೋಣೆಯಲ್ಲಿ ಯಾರೂ ಇರಲಿಲ್ಲ. ಸರ್ವಮಂಗಳಮ್ಮ ಕಿವಿಯನ್ನು ಬಿಡದೆ ಬಾಗಿಲಿನತ್ತ ತಿರುಗಿ, ಕಾರಿನಲ್ಲಿ ಕೂತಿದ್ದ ಗಂಡನಿಗೆ ಕೇಳುವ ಹಾಗೆ ಹೇಳಿದಳು: "ರೀ, ವಸಿ ಒಳೀಕ್ ಬನ್ನಿ. ಎದುರ್ಗಡೆ ಟೀ ಅಂಗ್ಡೀಲಿ ಪೊಲೀಸ್ನೋರು ಅವ್ರೆ, ಅವ್ರನ್ನೂ ಕರೀರಿ. ಅಕ್ಕಸಾಲಿ ಬರೋವರ್ಗೂ ಇವ್ಳ ಕಿವಿಯಿಂದ ಇದು ಎಲ್ಗೂ ಓಗಾಕಿಲ್ಲ."